ವೇಷವೇ ನಟಿಸಲಿ ಬಿಡು

ಹ್ಯಾರಿ ಡೀನ್ ಸ್ಟಾಂಟನ್ ಪೋಷಕ ಪಾತ್ರದಲ್ಲಿದ್ದರೆ ಆ ಸಿನಿಮಾ ಪೂರ್ತಿ ಕೆಟ್ಟಿರಲಾರದು ಎಂದು ವಿಮರ್ಶಕ ರೋಜರ್ ಈಬರ್ಟ್ ಒಂದು ನಿಯಮವನ್ನೇ ಮಾಡಿಟ್ಟಿದ್ದರು. ಆಮೇಲೆ ಅದಕ್ಕೆ ಅಪವಾದ ಸಿಕ್ಕಿತೆಂದು ಅವರೇ ಒಪ್ಪಿಕೊಂಡರು, ಆ ಮಾತು ಬೇರೆ.

1926ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಸ್ಟಾಂಟನ್, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಹಡಗಿನಲ್ಲಿ ಅಡುಗೆ ಮಾಡಿದರು. ಬಳಿಕ ಪ್ಯಾಸಡೀನಾದಲ್ಲಿ ನಾಟಕ ಕಲಿತರು. ಆಗ ಅಮೆರಿಕದ ಟೀವಿಯಲ್ಲಿ ಕೌಬಾಯ್ ಕಥೆಗಳ ಸುಗ್ಗಿ. ‘ಗನ್‌ಸ್ಮೋಕ್’, ‘ರಾಹೈಡ್’ನಂಥ ಧಾರಾವಾಹಿಗಳಿಗೆ ವಾರವಾರವೂ ಹೊಸ ಪುಂಡರು ಬೇಕಿತ್ತು. ಒಣಕಲು ಮೈ, ಗುಳಿಬಿದ್ದ ಕೆನ್ನೆಯ ಇವರಿಗೆ ಕೆಲಸ ಸಿಗುತ್ತಿತ್ತು, ಹೆಸರು ಬರುತ್ತಿರಲಿಲ್ಲ.

ತಿರುವು ಕೊಟ್ಟವರು ಗೆಳೆಯ ಜಾಕ್ ನಿಕೋಲ್ಸನ್. 1966ರ ‘ರೈಡ್ ಇನ್ ದ ವರ್ಲ್‌ವಿಂಡ್’ನಲ್ಲಿ ಸ್ಟಾಂಟನ್‌ಗೊಂದು ಪಾತ್ರ ಬರೆದುಕೊಟ್ಟು, ‘ನೀನೇನೂ ಮಾಡಬೇಡ, ನೀನಾಗಿರು, ವೇಷವೇ ನಟಿಸಲಿ’ ಎಂಬರ್ಥದ ಕಿವಿಮಾತು ಹೇಳಿದರು. ಸ್ಟಾಂಟನ್ ಅದನ್ನು ಕೊನೆತನಕ ಬಿಡಲಿಲ್ಲ.

1979ರ ‘ಏಲಿಯನ್’ ನೋಡಿ. ಅಂತರಿಕ್ಷ ಹಡಗಿನ ಮೆಕ್ಯಾನಿಕ್ ಬ್ರೆಟ್, ಯಾರು ಏನೆಂದರೂ ‘ರೈಟ್’ ಎನ್ನುವವನು. ಬೆಕ್ಕು ಹುಡುಕುತ್ತ ಹೋದವನು ಮೇಲಿಂದ ತೊಟ್ಟಿಕ್ಕುವ ನೀರಿಗೆ ಟೋಪಿ ತೆಗೆದು ಮುಖವೊಡ್ಡಿ ನಿಲ್ಲುತ್ತಾನೆ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ. ಆದರೆ ದುಡಿದು ದಣಿದ ಆಳೊಬ್ಬ ಅಲ್ಲಿದ್ದಾನೆಂದು ನಂಬಿಕೆ ಹುಟ್ಟುವುದು ಆಗಲೇ. ಭಯವೂ ಆ ನಂಬಿಕೆಯ ಬೆನ್ನಿಗೇ ಬರುತ್ತದೆ.

ನಾಯಕನಾಗುವ ಹೊತ್ತಿಗೆ ವಯಸ್ಸು 57 ದಾಟಿತ್ತು. ಸ್ಯಾಮ್ ಶೆಪರ್ಡ್ ಬರೆದು ವಿಮ್ ವೆಂಡರ್ಸ್ ನಿರ್ದೇಶಿಸಿದ ‘ಪ್ಯಾರಿಸ್, ಟೆಕ್ಸಾಸ್’ 1984ರಲ್ಲಿ ಕಾನ್ ಚಿತ್ರೋತ್ಸವದ ಪರಮ ಪ್ರಶಸ್ತಿ ಗೆದ್ದಿತು. ಮೊದಲ 20 ನಿಮಿಷ ನಾಯಕ ಬಾಯೇ ಬಿಡುವುದಿಲ್ಲ. ಕೊನೆಯಲ್ಲಿ, ತನ್ನನ್ನು ಕಾಣಲಾಗದ ಹೆಂಡತಿಗೆ ಗಾಜಿನಾಚೆಯಿಂದ, ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತು, ಫೋನಿನಲ್ಲಿ ಎಲ್ಲವನ್ನೂ ಹೇಳುತ್ತಾನೆ. ಬೇರೆಯವರಾಗಿದ್ದರೆ ಅತ್ತು ಕರೆದು ಕೆಡಿಸುತ್ತಿದ್ದರು.

ಅಷ್ಟಾದ ಮೇಲೂ ಅವರು ಸಣ್ಣ ಪಾತ್ರಗಳಿಗೇ ಮರಳಿದರು. ‘ಬಿಗ್ ಲವ್’ ಧಾರಾವಾಹಿಯ ಧೂರ್ತ ಧರ್ಮಗುರು ಆಗಿನ ದೊಡ್ಡ ಗಳಿಕೆ. ಮತ್ತೆ ನಾಯಕನಾದದ್ದು 90ರ ವಯಸ್ಸಿನ ಆಸುಪಾಸಿನಲ್ಲಿ, ‘ಲಕ್ಕಿ’ಗಾಗಿ. ಅವರಿಗೆಂದೇ ಬರೆದ ಚಿತ್ರವದು. ಲಕ್ಕಿಯೂ ಒಂದು ಕಾಲದಲ್ಲಿ ನೌಕಾಪಡೆಯ ಅಡುಗೆಯವನು. ಅಮೆರಿಕದ ಚಿತ್ರಮಂದಿರಗಳಿಗೆ ಅದು ಬರುವ ಮೊದಲೇ, 2017ರ ಸೆಪ್ಟೆಂಬರ್ 15ರಂದು, ಸ್ಟಾಂಟನ್ ತೀರಿಕೊಂಡರು.