ಗ್ಯಾಮಾ ಸ್ಫೋಟಗಳ ಉಳಿಬೆಳಕು

ರಾತ್ರಿಯ ಆಕಾಶವನ್ನು ನೋಡುವ ನಮಗೆ ನಕ್ಷತ್ರಗಳು ಎಂದೆಂದಿಗೂ ಒಂದೇ ರೀತಿಯಾಗಿರುವಂತೆ ತೋರುತ್ತವೆ. ಆದರೆ ಕಣ್ಣಿಗೆ ಕಾಣದ ಗ್ಯಾಮಾ ಕಿರಣಗಳು ಆಕಾಶದ ಯಾವುದೋ ಮೂಲೆಯಿಂದ ಅಕಸ್ಮಾತ್ತಾಗಿ ಹೊಮ್ಮಿ, ಸ್ವಲ್ಪ ಹೊತ್ತಿನಲ್ಲಿಯೇ ಅಡಗಿಹೋಗುವುದುಂಟು. ಪರಮಾಣು ಬಾಂಬುಗಳ ಪರೀಕ್ಷೆಯನ್ನು ಪತ್ತೆಮಾಡಲು ಅಮೆರಿಕದವರು ಹಾರಿಸಿದ್ದ ವೇಲಾ ಉಪಗ್ರಹಗಳು ೧೯೬೭ರಲ್ಲಿ ಇವನ್ನು ಮೊದಲು ಗುರುತಿಸಿದವು. ಇವು ಹತ್ತಿರದವೋ ಬಹುದೂರದವೋ ಎಂಬುದು ಮಾತ್ರ ಮೂವತ್ತು ವರ್ಷಗಳವರೆಗೆ ಬಗೆಹರಿಯಲಿಲ್ಲ; ಗ್ಯಾಮಾ ಕಿರಣಗಳು ಬಂದ ಸ್ಥಾನವನ್ನು ಸೂಕ್ಷ್ಮವಾಗಿ ಗುರುತಿಸುವುದು ಕಷ್ಟ.

ಈ ಒಗಟನ್ನು ಬಿಡಿಸಿದುದು ಸ್ಫೋಟದ ತರುವಾಯ ಉಳಿಯುವ ಮಂದವಾದ ಬೆಳಕು. ಇಂಥ ಅನೇಕ ಸ್ಫೋಟಗಳಲ್ಲಿ, ಮಹಾನಕ್ಷತ್ರವೊಂದು ಆಯುಸ್ಸು ತೀರಿ ಕುಸಿಯುವಾಗ ದ್ರವ್ಯದ ಧಾರೆಯು ಹೆಚ್ಚುಕಡಿಮೆ ಬೆಳಕಿನ ವೇಗದಿಂದಲೇ ಚಿಮ್ಮಿ, ಸುತ್ತಲಿನ ಅನಿಲವನ್ನು ಅಪ್ಪಳಿಸುತ್ತದೆ. ಅದರಿಂದ ಕಣ್ಣಿಗೆ ಕಾಣುವ ಬೆಳಕೂ ಹುಟ್ಟುವುದು; ಧಾರೆಯ ವೇಗವು ತಗ್ಗಿದಂತೆಲ್ಲಾ ಆ ಬೆಳಕು ಕುಂದುವುದು.

೧೯೯೭ನೆಯ ಇಸವಿ ಫೆಬ್ರವರಿ ೨೮ರಂದು ಬೆಪ್ಪೋಸ್ಯಾಕ್ಸ್ ಎಂಬ ಉಪಗ್ರಹವು ಒಂದು ಸ್ಫೋಟದ ಸ್ಥಾನವನ್ನು ತಿಳಿಸಿತು. ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಪಾರಡೈಸ್ ಎಂಬ ವಿದ್ವಾಂಸರ ತಂಡದವರು, ಒಂದು ದಿನ ಕಳೆಯುವುದರೊಳಗಾಗಿ, ಲಾ ಪಾಲ್ಮಾ ದ್ವೀಪದ ದೂರದರ್ಶಕದಿಂದ ಆ ಸ್ಥಳದ ಚಿತ್ರವನ್ನು ಪಡೆದರು. ಗಲಾಮ, ಗ್ರೋಟ್ ಎಂಬ ಇಬ್ಬರು ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿದ್ದರು. ಮಾರ್ಚಿ ೮ರಂದು ಮತ್ತೆ ಚಿತ್ರವನ್ನು ತೆಗೆದು ಹೋಲಿಸಲು, ಮೊದಲನೆಯದರಲ್ಲಿದ್ದ ಚುಕ್ಕೆಯೊಂದು ಎರಡನೆಯದರಲ್ಲಿ ಮಾಸಿಹೋಗಿತ್ತು. ಸ್ಫೋಟದ ಉಳಿಬೆಳಕನ್ನು ಮನುಷ್ಯರು ಕಂಡುದು ಅದೇ ಮೊದಲು.

ಅದೇ ವರ್ಷದ ಮೇ ತಿಂಗಳಲ್ಲಿ ಮತ್ತೊಂದು ಸ್ಫೋಟದ ಉಳಿಬೆಳಕನ್ನು ಹವಾಯಿಯ ಕೆಕ್ ದೂರದರ್ಶಕದಿಂದ ವರ್ಣಪಟಲವಾಗಿ ಬಿಡಿಸಿ ನೋಡಿದರು. ಅದರ ಕಪ್ಪುಗೆರೆಗಳು ಕೆಂಪಿನ ಕಡೆಗೆ ಬಹಳವಾಗಿ ಸರಿದಿದ್ದುವು. ಆ ಬೆಳಕು ನೂರಾರು ಕೋಟಿ ವರ್ಷಗಳು ಪಯಣಿಸಿ ಬಂದುದೆಂದು ಇದರಿಂದ ಸಿದ್ಧವಾಯಿತು. ೨೦೦೮ರ ಮಾರ್ಚಿ ೧೯ರ ಸ್ಫೋಟವಾದರೋ, ಒಂದು ನಿಮಿಷಕ್ಕೂ ಕಡಿಮೆ ಕಾಲ ಬರಿಗಣ್ಣಿಗೂ ಕಾಣುವಷ್ಟು ಬೆಳಗಿತು. ಆ ಬೆಳಕು ಹೊರಟುದು ಸುಮಾರು ೭೫೦ ಕೋಟಿ ವರ್ಷಗಳ ಹಿಂದೆ. ಆಗ ನಮ್ಮ ಸೂರ್ಯನೇ ಹುಟ್ಟಿರಲಿಲ್ಲ!

ನಮ್ಮ ದೇಶದವರೂ ಈ ಕಾವಲಿನಲ್ಲಿ ಪಾಲುಗಾರರು. ಲಡಾಖಿನ ಹಾನ್ಲೆಯಲ್ಲಿ, ಸುಮಾರು ೪,೫೦೦ ಮೀಟರು ಎತ್ತರದಲ್ಲಿರುವ ಚಂದ್ರಾ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ ನಡೆಯಿಸುತ್ತಾರೆ. ಅದರಿಂದಲೂ ಇಂಥ ಉಳಿಬೆಳಕುಗಳನ್ನು ಅಳೆದಿದ್ದಾರೆ.

ಸ್ಫೋಟವು ಯಾವ ಗಳಿಗೆಯಲ್ಲಿ ಆಗುವುದೆಂದು ಯಾರೂ ಅರಿಯರು. ತಡಮಾಡಿದವರಿಗೆ ಕತ್ತಲೆಯೇ ಉಳಿಯುವುದು. ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ಬಾಲ್ಯದಿಂದಲೂ ಕೇಳಿಬಂದ ನಮ್ಮ ವಿದ್ಯಾರ್ಥಿನಿಯರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ. ಎಣ್ಣೆಯನ್ನು ಮುಂಚಿತವಾಗಿಯೇ ತುಂಬಿಟ್ಟುಕೊಂಡವರಿಗೆ ವಿದ್ಯೆಯ ಬಾಗಿಲೂ ತೆರೆಯುವುದು.