ಹುಡಿ ಡ್ರಮ್ಮಿನ ಹಸಿರು ದೀಪ

ನಿಮ್ಮ ಮನೆಯಲ್ಲಿ ಮರಗೆಲಸದವರು ಯಾರಾದರೂ ಇದ್ದರೆ ಅವರ ಅಂಗಿಯನ್ನು ನೆನೆಹಾಕುವ ಮೊದಲು ಹಿತ್ತಿಲಿನಲ್ಲಿ ನಾಲ್ಕು ಬಾರಿ ಕೊಡವುವುದು ನಿಮಗೆ ರೂಢಿಯಾಗಿರುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಅತ್ತಿಗೆಯದು. ಅಣ್ಣನಿಗೆ ಬಾಗಿಲು, ಕಿಟಕಿ, ಮಂಚ ಮಾಡುವ ಸಣ್ಣ ವರ್ಕ್‌ಶಾಪ್ ಇದೆ, ಮೂವರು ಕೆಲಸಗಾರರಿದ್ದಾರೆ. ಎರಡು ವರ್ಷ ಹಿಂದೆ ಕೈಸಾಲ ಮಾಡಿ ಹುಡಿ ಎಳೆಯುವ ಮೆಷಿನ್ ಹಾಕಿಸಿದರು. ಮೊದಲ ಕೆಲವು ವಾರ ಅಂಗಿ ಚೆನ್ನಾಗಿಯೇ ಇತ್ತು. ಆಮೇಲೆ ಮತ್ತೆ ಅದೇ ಹುಡಿ, ಅದೇ ಕೆಮ್ಮು. ಮೆಷಿನ್ ಮಾರಿದವರನ್ನು ನಾವೆಲ್ಲ ಸೇರಿ ಸಾಕಷ್ಟು ಬೈದೆವು. ತಪ್ಪು ಅವರದ್ದಾಗಿರಲಿಲ್ಲ. ಮೆಷಿನ್ನಿನ ಅಡಿಯಲ್ಲಿರುವ ಡ್ರಮ್ ಕಂಠದವರೆಗೆ ತುಂಬಿದ್ದರೂ ನಾವು ಓಡಿಸುತ್ತಿದ್ದೆವು. ತುಂಬಿದ್ದು ಗೊತ್ತಾಗುವ ದಾರಿ ಯಾರಿಗೂ ಇರಲಿಲ್ಲ.

ಮರದ ಹುಡಿ ಅಂದರೆ ಮಣ್ಣಿನ ಧೂಳಿನ ಹಾಗೆ, ಒರೆಸಿದರೆ ಹೋಯಿತು ಎಂಬ ಭಾವನೆ ನಮ್ಮಲ್ಲಿದೆ. ಇಂಗ್ಲೆಂಡಿನಲ್ಲಿ ಹೈ ವಿಕಂಬ್ ಎಂಬ ಊರಿದೆ. ಕುರ್ಚಿ, ಮೇಜುಗಳಿಗೆ ಹೆಸರಾದ ಊರು. 1960ರ ದಶಕದಲ್ಲಿ ಅಲ್ಲಿನ ಕಿವಿ, ಮೂಗು, ಗಂಟಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಅವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮೂಗಿನೊಳಗಿನ ಒಂದು ಬಗೆಯ ಅಪರೂಪದ ಕ್ಯಾನ್ಸರ್ ಫರ್ನಿಚರ್ ಕೆಲಸದವರಲ್ಲಿ ಮತ್ತೆ ಮತ್ತೆ ಕಾಣಿಸುತ್ತಿತ್ತು. ಅವರು ಮತ್ತು ಜೊತೆಗಾರ ವೈದ್ಯರು 1968ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ 1995ರಲ್ಲಿ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಹಾಗೆಂದು ಒಂದೇ ಗುಂಪಿನಲ್ಲಿದ್ದ ಮಾತ್ರಕ್ಕೆ ಎರಡೂ ಸಮಾನ ಅಪಾಯಕಾರಿ ಎಂದಲ್ಲ, ಸಾಕ್ಷ್ಯ ಅಷ್ಟು ಗಟ್ಟಿಯಾಗಿದೆ ಎಂದು ಅರ್ಥ. ಈ ಕ್ಯಾನ್ಸರ್ ಅಪರೂಪದ್ದೇ, ಬರುವುದೂ ಹಲವು ದಶಕಗಳ ಕೆಲಸದ ನಂತರ.

ಅದಕ್ಕಿಂತ ಹೆಚ್ಚು ಕಾಣುವುದು ಉಬ್ಬಸ, ಬಿಡದ ಶೀತ, ಚರ್ಮದ ತುರಿಕೆ. ಬೀಟೆ ಮತ್ತು ತೇಗದ ಹುಡಿಗೆ ಕೆಲವರ ಮೈ ಕೆಂಪಾಗಿ ತುರಿಸುತ್ತದೆ. ಎಂಡಿಎಫ್ ಮತ್ತು ಪ್ಲೈವುಡ್‌ನಲ್ಲಿ ಅಂಟು ಬೇರೆ ಇದೆ, ಹೆಚ್ಚಾಗಿ ಫಾರ್ಮಾಲ್ಡಿಹೈಡ್ ಸೇರಿದ ಅಂಟು. ನಿಮ್ಮ ಮನೆಯವರ ಕೆಮ್ಮನ್ನು ಸ್ವಲ್ಪ ಗಮನಿಸಿ. ರಜೆಯಲ್ಲಿ ಕಡಿಮೆಯಾಗಿ ಕೆಲಸದ ದಿನಗಳಲ್ಲಿ ಹೆಚ್ಚಾಗುತ್ತದೆಯೇ? ಹಾಗಾದರೆ ವೈದ್ಯರ ಬಳಿ ಹೋದಾಗ ಕೆಲಸ ಏನೆಂದು ತಪ್ಪದೆ ಹೇಳಬೇಕು. ಮೂಗಿನ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿಕೊಂಡಿದ್ದರೆ ಅಥವಾ ಒಂದೇ ಕಡೆಯಿಂದ ಆಗಾಗ ರಕ್ತ ಬಂದರೆ ಶೀತದ ಮಾತ್ರೆ ನುಂಗಿ ಸುಮ್ಮನಿರಬೇಡಿ. ಮೂಗಿನ ತಜ್ಞರಿಗೆ ತೋರಿಸಿ.

ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಮೂಗಿಗೆ ನೀರೆಳೆದು ಸೀನುತ್ತೇವಲ್ಲ, ಅಷ್ಟು ಸಾಲದೇ ಎಂದು ಅಣ್ಣ ಕೇಳುತ್ತಿದ್ದರು. ಮೂಗಿನಲ್ಲಿ ನಿಂತ ದಪ್ಪ ಹುಡಿ ಅದರಿಂದ ಹೋಗುತ್ತದೆ, ಒಳ್ಳೆಯದೇ. ಆದರೆ ಸ್ಯಾಂಡಿಂಗ್ ಮಾಡುವಾಗ ಏಳುವ ಅತಿ ನಯವಾದ ಹುಡಿ ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಸಣ್ಣದು. ಅದು ಮೂಗಿನಲ್ಲಿ ನಿಲ್ಲದೆ ನೇರ ಶ್ವಾಸಕೋಶಕ್ಕೆ ಇಳಿದಿರುತ್ತದೆ. ಮಾಸ್ಕ್ ಹಾಕಿದರಾಯಿತಲ್ಲ ಎನ್ನುವಿರಿ. ಎನ್95 ಮಾಸ್ಕ್ ಕೆಲಸ ಮಾಡಬೇಕಾದರೆ ಅದರ ಅಂಚು ಚರ್ಮಕ್ಕೆ ಪೂರ್ತಿ ಅಂಟಿಕೊಳ್ಳಬೇಕು. ಗಡ್ಡವಿರುವವರಿಗೆ ಅದು ಅಂಟುವುದಿಲ್ಲ, ಕೂದಲಿನ ಸಂದಿಯಿಂದ ಗಾಳಿ ಹುಡಿಯನ್ನು ಹೊತ್ತೇ ಒಳಗೆ ಬರುತ್ತದೆ. ಬ್ಯಾಟರಿಯ ಫ್ಯಾನ್‌ನಿಂದ ಶುದ್ಧ ಗಾಳಿ ಊದುವ, ತಲೆ ಪೂರ್ತಿ ಮುಚ್ಚುವ ಮುಸುಕುಗಳಿವೆ. ಗಡ್ಡದ ಮೇಲೂ ಅವು ಸರಿಹೋಗುತ್ತವೆ. ಬೆಲೆ ಮಾತ್ರ ಸಣ್ಣ ವರ್ಕ್‌ಶಾಪಿಗೆ ಭಾರ. ಹಾಗಾಗಿ ನಮ್ಮಂಥವರಿಗೆ ಉಳಿಯುವ ಮುಖ್ಯ ದಾರಿ ಹುಡಿ ಹುಟ್ಟಿದಲ್ಲೇ ಅದನ್ನು ಎಳೆದುಕೊಳ್ಳುವುದು. ಎಳೆಯುವ ಮೆಷಿನ್ ಸರಿಯಾಗಿ ಎಳೆಯುತ್ತಿದೆಯೇ ಎಂಬುದು ಅಷ್ಟರಮಟ್ಟಿಗೆ ಮುಖ್ಯವಾಗುತ್ತದೆ.

ಸೈಕ್ಲೋನ್ ಮೆಷಿನ್ ಹೇಗೆ ಕೆಲಸ ಮಾಡುತ್ತದೆಂದು ಒಮ್ಮೆ ತಿಳಿದುಕೊಂಡರೆ ಡ್ರಮ್ಮಿನ ಮಹತ್ವ ತಾನಾಗಿಯೇ ಗೊತ್ತಾಗುತ್ತದೆ. ಆಲಿಕೆಯ ಆಕಾರದ ತಗಡಿನ ಕೊಳವೆಯೊಳಗೆ ಗಾಳಿ ಸುರುಳಿಯಾಗಿ ಸುತ್ತುತ್ತದೆ. ಭಾರದ ಹುಡಿ, ಚಕ್ಕೆಗಳು ಗೋಡೆಗೆ ಬಡಿದು ಕೆಳಗಿನ ಡ್ರಮ್ಮಿಗೆ ಬೀಳುತ್ತವೆ. ಹಗುರಾದ ಗಾಳಿ ನಡುವಿನಿಂದ ಮೇಲೇರಿ ಫಿಲ್ಟರಿಗೆ ಹೋಗುತ್ತದೆ. ಡ್ರಮ್ ತುಂಬಿದ ಮೇಲೆ ಬೀಳಲು ಜಾಗ ಎಲ್ಲಿ? ಹುಡಿಯೆಲ್ಲ ಮತ್ತೆ ಸುರುಳಿಗೆ ಸಿಕ್ಕಿ ಫಿಲ್ಟರಿಗೇ ನುಗ್ಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಎಳೆತ ಕುಸಿಯುತ್ತದೆ. ಆಗ ಗರಗಸದ ಬಾಯಲ್ಲಿ ಹುಟ್ಟಿದ ಹುಡಿ ಕೊಳವೆಗೆ ಹೋಗದೆ ಕೆಲಸಗಾರನ ಮುಖಕ್ಕೆ ಬರುತ್ತದೆ. ಮೆಷಿನ್ ಶಬ್ದ ಮಾತ್ರ ಮೊದಲಿನಂತೆಯೇ ಇರುತ್ತದೆ. ಮೋಸ ಹೋಗುವುದು ಅಲ್ಲಿಯೇ.

ಡ್ರಮ್ ಎಷ್ಟು ಬೇಗ ತುಂಬುತ್ತದೆಂದು ನಾನೂ ಅಂದಾಜು ಮಾಡಿರಲಿಲ್ಲ. ಎಂಟು ಇಂಚು ಅಗಲ, ಎಂಟಡಿ ಉದ್ದದ ಹಲಗೆಯ ಒಂದು ಮುಖದಿಂದ ಒಂದು ಮಿಲಿಮೀಟರ್ ಕೀಸಿದರೆ ಸುಮಾರು ಅರ್ಧ ಲೀಟರಿನಷ್ಟು ಮರ ಹೋಗುತ್ತದೆ. 20 ಹಲಗೆ, ಎರಡೂ ಮುಖ ಎಂದರೆ 20 ಲೀಟರ್. ಚಕ್ಕೆಯಾದಾಗ ಅದು ಅರಳಿ ಐದು ಪಟ್ಟಾದರೂ ಜಾಗ ಹಿಡಿಯುತ್ತದೆ. ಅಲ್ಲಿಗೆ 100 ಲೀಟರ್! ಅಂದರೆ ಪ್ಲೇನರ್ ಓಡುವ ದಿನ ಅಣ್ಣನ ಡ್ರಮ್ ಮಧ್ಯಾಹ್ನದ ಊಟಕ್ಕೆ ಮೊದಲೇ ಭರ್ತಿ. ನಾವು ಖಾಲಿ ಮಾಡುತ್ತಿದ್ದದ್ದು ವಾರಕ್ಕೊಮ್ಮೆ, ಗುರುವಾರ ಸಂಜೆ.

ಡಿಪ್ಲೊಮಾದಲ್ಲಿ ನಾನು ಕಲಿತದ್ದು ಎಲೆಕ್ಟ್ರಾನಿಕ್ಸ್. ಇದು ನನ್ನ ಕೈಗೆ ಬಂದ ಸಣ್ಣ ಕೆಲಸ ಎಂದುಕೊಂಡು ಶುರು ಮಾಡಿದೆ. ಮೊದಲ ಪ್ರಯತ್ನ ಸೋತಿತು, ಅದನ್ನೂ ಹೇಳುತ್ತೇನೆ. ಯಾಕೆಂದರೆ ನಿಮ್ಮ ಮನೆಯ ಹುಡುಗರೂ ಮೊದಲು ಅದನ್ನೇ ಮಾಡುತ್ತಾರೆ.

ಕೆಲವು ನೂರು ರೂಪಾಯಿಗೆ ಸಿಗುವ ಇನ್‌ಫ್ರಾರೆಡ್ ಸೆನ್ಸರ್ ಒಂದನ್ನು ತಂದೆ. ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಎದುರಿನ ವಸ್ತುವಿನಿಂದ ಅದು ಮರಳಿ ಬಂದರೆ ‘ಏನೋ ಇದೆ’ ಎನ್ನುವ ಬಗೆಯದು. ಡ್ರಮ್ಮಿನ ಮುಚ್ಚಳಕ್ಕೆ ತೂತು ಕೊರೆದು ಕೆಳಮುಖವಾಗಿ ಕೂರಿಸಿ ಒಂದು ಬಜರ್ ಕಟ್ಟಿದೆ. ಮೆಷಿನ್ ಶುರುವಾದ ಕೂಡಲೇ ಡ್ರಮ್ಮಿನೊಳಗೆ ಸುತ್ತುವ ಹುಡಿಯನ್ನೇ ಕಂಡು ಅದು ಕೂಗತೊಡಗಿತು. ಇಡೀ ದಿನ ಸುಳ್ಳು ಕೂಗು. ಮೂರನೆಯ ದಿನ ಕೆಲಸದ ಹುಡುಗರು ಬಜರಿನ ವಯರ್ ಕಿತ್ತಿಟ್ಟರು. ನಾನಾಗಿದ್ದರೂ ಕೀಳುತ್ತಿದ್ದೆ.

ಎರಡನೆಯ ಬಾರಿ ಮೂರು ವಿಷಯ ಬದಲಿಸಿದೆ. ಒಂದು, ಎದುರುಬದುರಾಗಿ ಕೂರುವ ಸೆನ್ಸರ್ ಜೋಡಿ. ಡ್ರಮ್ಮಿನ ಒಂದು ಬದಿಯಿಂದ ಕಿರಣ ಹೊರಡುತ್ತದೆ, ಇನ್ನೊಂದು ಬದಿಯಲ್ಲಿ ಅದನ್ನು ಹಿಡಿಯುವ ಕಣ್ಣು ಇರುತ್ತದೆ. ಹುಡಿಯ ರಾಶಿ ಆ ಮಟ್ಟಕ್ಕೆ ಏರಿದಾಗ ಕಿರಣ ಕಡಿಯುತ್ತದೆ. ಎರಡು, ಆಫ್ ಡಿಲೇ ಟೈಮರ್ ರಿಲೇ. ಹಾರುವ ಚಕ್ಕೆಯೊಂದು ಅಡ್ಡ ಬಂದ ಮಾತ್ರಕ್ಕೆ ಇದು ಗಾಬರಿಯಾಗುವುದಿಲ್ಲ, ಕಿರಣ ಸತತ ಹತ್ತು ಸೆಕೆಂಡು ಕಡಿದಿದ್ದರೆ ಮಾತ್ರ ತಿರುಗುತ್ತದೆ. ಮೂರು, ಬಜರಿನ ಬದಲು ದೀಪ. ಗರಗಸ, ಪ್ಲೇನರ್ ಓಡುವಲ್ಲಿ ಬಜರ್ ಯಾರಿಗೆ ಕೇಳಬೇಕು? ಕಿವಿಗೆ ಮಫ್ ಹಾಕಿಕೊಂಡವರಿಗಂತೂ ಇಲ್ಲವೇ ಇಲ್ಲ. ಗರಗಸದ ಮುಂದೆ ನಿಂತವನ ಕಣ್ಣಿನ ಎತ್ತರಕ್ಕೆ ಒಂದು ಹಸಿರು ದೀಪ, ಒಂದು ಕೆಂಪು ದೀಪ ಹಾಕಿದೆವು.

ವಯರಿಂಗಿನಲ್ಲಿ ಒಂದು ಸೂಕ್ಷ್ಮವಿದೆ. ಕಿರಣ ಕಾಣಿಸುತ್ತಿರುವಷ್ಟು ಹೊತ್ತು ರಿಲೇ ಎಳೆದುಕೊಂಡಿರಬೇಕು, ಹಸಿರು ಉರಿಯಬೇಕು. ರಿಲೇ ಬಿಟ್ಟರೆ ಕೆಂಪು. ಹೀಗೆ ಮಾಡಿದರೆ ಸೆನ್ಸರಿನ ವಯರನ್ನು ಇಲಿ ಕಡಿದರೂ ಕೆಂಪು, ಕಿರಣ ಬಿಡುವ ದೀಪ ಸತ್ತರೂ ಕೆಂಪು, ಗಾಜಿನ ಮೇಲೆ ಹುಡಿ ದಪ್ಪಗಾದರೂ ಕೆಂಪು. ಅಡಾಪ್ಟರ್ ಕೆಟ್ಟರೆ ಎರಡೂ ದೀಪ ಕತ್ತಲೆ. ವರ್ಕ್‌ಶಾಪಿನ ನಿಯಮ ಒಂದೇ: ಹಸಿರು ಇಲ್ಲದಿದ್ದರೆ ಹೊಸ ಹಲಗೆ ಮೆಷಿನ್ನಿಗೆ ಕೊಡುವಂತಿಲ್ಲ. ಉಲ್ಟಾ ಕಟ್ಟಿದರೆ, ಅಂದರೆ ತುಂಬಿದಾಗ ಮಾತ್ರ ದೀಪ ಉರಿಯುವಂತೆ ಮಾಡಿದರೆ, ಕೆಟ್ಟುಹೋದ ಸೆನ್ಸರಿಗೂ ಖಾಲಿ ಡ್ರಮ್ಮಿಗೂ ವ್ಯತ್ಯಾಸವೇ ಕಾಣುವುದಿಲ್ಲ.

ಕೂರಿಸುವಾಗ ಮುಚ್ಚಳದಿಂದ ಒಂದು ಗೇಣು ಕೆಳಗೆ, ಡ್ರಮ್ಮಿನ ಎರಡು ಬದಿಯಲ್ಲಿ ತೂತು ಕೊರೆದು ಒಳಗಿನಿಂದ ಪಾರದರ್ಶಕ ಅಕ್ರಿಲಿಕ್ ತುಂಡು ಅಂಟಿಸಿ. ಸೆನ್ಸರ್ ಎರಡೂ ಹೊರಗೇ ಇರಲಿ. ತೂತಿನ ಸುತ್ತ ಸಿಲಿಕೋನ್ ಬಿಗಿಯಾಗಿ ತುಂಬಬೇಕು. ಮೆಷಿನ್ ಓಡುವಾಗ ಡ್ರಮ್ ಹೊರಗಿನ ಗಾಳಿಯನ್ನು ಒಳಗೆ ಹೀರುತ್ತಿರುತ್ತದೆ. ಸಣ್ಣ ಸೋರಿಕೆ ಇದ್ದರೂ ಆ ಗಾಳಿ ಬಿದ್ದ ಹುಡಿಯನ್ನು ಮತ್ತೆ ಎಬ್ಬಿಸಿ ಫಿಲ್ಟರಿಗೆ ಕಳಿಸುತ್ತದೆ. ಸೆನ್ಸರ್ ಹಾಕಲು ಹೋಗಿ ಸೈಕ್ಲೋನನ್ನೇ ಕೆಡಿಸಿದಂತಾಗುತ್ತದೆ. ಇಡೀ ಸರ್ಕ್ಯೂಟಿಗೆ ಸಿಸಿಟಿವಿಗೆ ಬಳಸುವ 12 ವೋಲ್ಟ್ ಅಡಾಪ್ಟರ್ ಸಾಕು, ಆದರೆ ಸೆನ್ಸರ್, ಟೈಮರ್, ದೀಪ ಎಲ್ಲವೂ 12 ವೋಲ್ಟಿನವೇ ಎಂದು ಲೇಬಲ್ ನೋಡಿ ಕೊಳ್ಳಿ. 230 ವೋಲ್ಟಿನ ಯಾವ ವಯರನ್ನೂ ಮುಟ್ಟುವ ಅಗತ್ಯವಿಲ್ಲ, ಮುಟ್ಟಬೇಕಾದರೆ ಎಲೆಕ್ಟ್ರಿಷಿಯನ್ನರೇ ಮುಟ್ಟಲಿ. ಡ್ರಮ್ಮಿನೊಳಗೆ ಸ್ವಿಚ್, ರಿಲೇ, ಬಲ್ಬ್ ಯಾವುದೂ ಬೇಡ. ಗಾಳಿಯಲ್ಲಿ ತೇಲುವ ನಯವಾದ ಮರದ ಹುಡಿಗೆ ಕಿಡಿ ತಾಗಿದರೆ ಅದು ಸ್ಫೋಟಿಸಬಲ್ಲದು.

ತುಂಬಿದ ಕೂಡಲೇ ಮೆಷಿನ್ನೇ ತಾನಾಗಿ ನಿಲ್ಲುವಂತೆ ಮಾಡಬಾರದೇ ಎಂದು ಕೇಳಿದವರಿದ್ದಾರೆ. ನಾನು ಮಾಡಲಿಲ್ಲ. ಎಳೆತ ನಡುವೆ ನಿಂತರೆ ಕೊಳವೆಯಲ್ಲಿರುವ ಚಕ್ಕೆ ಅಲ್ಲೇ ಕುಳಿತು ಕಟ್ಟಿಕೊಳ್ಳುತ್ತದೆ. ಗರಗಸವನ್ನು ಇದಕ್ಕೆ ಜೋಡಿಸುವುದಂತೂ ಬೇಡವೇ ಬೇಡ. ಯಾರೋ ಕೈಯಿಟ್ಟಿರುವಾಗ ಅದು ತಾನಾಗಿ ಮತ್ತೆ ಶುರುವಾದರೆ ಏನಾಗಬಹುದೆಂದು ಯೋಚಿಸಿ. ಕೈಯಲ್ಲಿರುವ ಹಲಗೆ ಮುಗಿಸಿ ನಿಲ್ಲಿಸಲು ಮೇಲಿನ ಒಂದು ಗೇಣು ಜಾಗ ಸಾಕು.

ಎಲೆಕ್ಟ್ರಾನಿಕ್ಸ್ ಬೇಡವೆನ್ನುವವರಿಗೆ ಪಶು ಆಹಾರದ ಕಾರ್ಖಾನೆಗಳಲ್ಲಿ, ಧಾನ್ಯದ ಉಗ್ರಾಣಗಳಲ್ಲಿ ಬಳಸುವ ಇನ್ನೊಂದು ಸಾಧನವಿದೆ. ಸಣ್ಣ ಮೋಟರ್ ಒಂದು ರೆಕ್ಕೆಯನ್ನು ನಿಧಾನವಾಗಿ ತಿರುಗಿಸುತ್ತಿರುತ್ತದೆ, ರಾಶಿ ಬಂದು ರೆಕ್ಕೆಯನ್ನು ತಡೆದಾಗ ಹೊರಗಿನ ಸ್ವಿಚ್ ಒತ್ತುತ್ತದೆ. ಒರೆಸಬೇಕಾದ ಗಾಜಿಲ್ಲ, ಗಟ್ಟಿಮುಟ್ಟು, ಆದರೆ ದುಬಾರಿ. ಏನೂ ಬೇಡವೆಂದರೆ ಡ್ರಮ್ಮಿಗೆ ಒಂದು ಪಾರದರ್ಶಕ ಕಿಟಕಿಯನ್ನಾದರೂ ಇಡಿ. ಇಣುಕಿ ನೋಡುವವರು ಬೇಕಷ್ಟೆ, ಮತ್ತು ನಮ್ಮಲ್ಲಿ ಯಾರೂ ನೋಡುತ್ತಿರಲಿಲ್ಲ.

ದೀಪ ಹಾಕಿದ ಮೇಲೆ ಹೊಸದೊಂದು ತೊಂದರೆ ಕಾಣಿಸಿತು. ಮೊದಲು ವಾರಕ್ಕೊಮ್ಮೆ ಡ್ರಮ್ ಬಗ್ಗಿಸುತ್ತಿದ್ದವರು ಈಗ ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ಬಾರಿ ಬಗ್ಗಿಸಬೇಕು. ಇಡೀ ದಿನದಲ್ಲಿ ಅತಿ ಹೆಚ್ಚು ಹುಡಿ ಮುಖಕ್ಕೆ ಬರುವ ಹೊತ್ತು ಅದೇ. ಈಗ ಡ್ರಮ್ಮಿನೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಕಟ್ಟಿಯೇ ಎತ್ತುತ್ತೇವೆ. ಮೆಷಿನ್ ಓಡುವಾಗ ಚೀಲ ಮೇಲಕ್ಕೆ ಹೀರಿಕೊಳ್ಳುತ್ತದೆ, ಅದಕ್ಕೆ ಒಳಗಿನಿಂದ ತಂತಿ ಜಾಲರಿಯ ಸುರುಳಿಯೊಂದನ್ನು ಇಟ್ಟಿದ್ದೇವೆ. ಜಾಲರಿಯ ಎತ್ತರ ಕಿರಣಕ್ಕಿಂತ ಕೆಳಗಿರಬೇಕು, ಚೀಲದ ಅಂಚು ಕೂಡ. ಚೀಲ ಬದಲಿಸುವವನಿಗೆ ಗಡ್ಡವಿಲ್ಲ, ಅವನೇ ಎನ್95 ಹಾಕಿ ಆ ಕೆಲಸ ಮಾಡುತ್ತಾನೆ. ಬಾಗಿಲಿನ ಹೊರಗೆ, ಗಾಳಿಗೆ ಬೆನ್ನು ಹಾಕಿ.

ರಾತ್ರಿ ಡ್ರಮ್ಮಿನಲ್ಲಿ ಹುಡಿ ಬಿಟ್ಟು ಬಾಗಿಲು ಹಾಕಬೇಡಿ. ಹಳೆಯ ಮರದಲ್ಲಿ ಉಳಿದ ಮೊಳೆಗೆ ಗರಗಸ ತಾಗಿ ಹಾರಿದ ಕಿಡಿ ರಾಶಿಯೊಳಗೆ ಹೊಗೆಯಾಡುತ್ತಾ ಗಂಟೆಗಟ್ಟಲೆ ಕಳೆದು ಆಮೇಲೆ ಹೊತ್ತಿಕೊಳ್ಳಬಹುದು. ಚೀಲವನ್ನೂ ಗೋಡೆಯಿಂದ ದೂರ, ಬಯಲಿನಲ್ಲಿಡಿ.

ಇನ್ನು ಅಂಗಿಯ ವಿಷಯ. ಕಂಪ್ರೆಸರಿನ ಗಾಳಿಯಿಂದ ಮೈಮೇಲಿನ ಹುಡಿ ಊದಿಕೊಳ್ಳುವ ಅಭ್ಯಾಸ ಬಹಳ ಕಡೆ ಇದೆ. ಅದು ಹುಡಿಯನ್ನು ತೆಗೆಯುವುದಿಲ್ಲ, ಮೂಗಿನ ಎತ್ತರಕ್ಕೆ ಎಬ್ಬಿಸುತ್ತದೆ ಅಷ್ಟೆ, ಕಣ್ಣಿಗೂ ಅಪಾಯ. ಅಣ್ಣ ಈಗ ಕೆಲಸದ ಅಂಗಿಯನ್ನು ವರ್ಕ್‌ಶಾಪಿನಲ್ಲೇ ಬದಲಿಸಿ ಚೀಲಕ್ಕೆ ಹಾಕಿ ತರುತ್ತಾರೆ. ಅತ್ತಿಗೆ ಅದನ್ನು ಕೊಡವದೆ ಚೀಲದಿಂದ ನೇರ ಬಕೆಟ್ ನೀರಿಗೆ ಮುಳುಗಿಸುತ್ತಾರೆ. ಕೊಡವುವಾಗ ಪಕ್ಕದಲ್ಲಿ ಆಡುತ್ತಿದ್ದ ಮಗುವಿಗೂ ಅದೇ ಹುಡಿ ಹೋಗುತ್ತಿತ್ತು ಎಂಬುದು ನಮಗೆ ಹೊಳೆದಿರಲಿಲ್ಲ. ವರ್ಕ್‌ಶಾಪಿನಲ್ಲಿ ನಮಾಝಿಗೆ ಹಾಸುವ ಚಾಪೆಯನ್ನೂ ಈಗ ಮುಚ್ಚಳವಿರುವ ಪೆಟ್ಟಿಗೆಯಲ್ಲಿಡುತ್ತಾರೆ. ಸುಜೂದಿನಲ್ಲಿ ಮೂಗು ತಾಗುವುದು ಅದಕ್ಕೇ ಅಲ್ಲವೇ?

ಶುಕ್ರವಾರ ಜುಮಾಕ್ಕೆ ಬಾಗಿಲು ಹಾಕುವ ಮೊದಲು ಹುಡುಗರಲ್ಲೊಬ್ಬ ಹತ್ತಿ ಬಟ್ಟೆಯಿಂದ ಡ್ರಮ್ಮಿನ ಎರಡೂ ಗಾಜು ಒರೆಸಿ, ಕಿರಣಕ್ಕೆ ರಟ್ಟಿನ ತುಂಡು ಅಡ್ಡ ಹಿಡಿದು ಒಂದರಿಂದ ಹತ್ತರವರೆಗೆ ಎಣಿಸುತ್ತಾನೆ. ಕೆಂಪು ಬಂದರೆ ಸರಿ. ಬರದಿದ್ದ ದಿನ ನನಗೆ ಫೋನ್ ಬರುತ್ತದೆ.

ಚೀಲದ ಹುಡಿಯನ್ನು ಕೇಳಿಕೊಂಡು ಕೋಳಿ ಸಾಕುವವರು ಬರುತ್ತಾರೆ, ಬಚ್ಚಲಿನ ಹಂಡೆಯ ಒಲೆಗೆಂದು ನೆರೆಯವರೂ ಕೇಳುತ್ತಾರೆ. ಬರಿಯ ಮರದ ಹುಡಿಯಾದರೆ ಕೊಡುತ್ತೇವೆ. ಪ್ಲೈವುಡ್, ಎಂಡಿಎಫ್, ಪಾಲಿಶ್ ಅಥವಾ ಗೆದ್ದಲಿನ ಔಷಧ ಹೊಡೆದ ಮರದ ಹುಡಿ ಸೇರಿದ್ದರೆ ಇಲ್ಲ, ಅದರ ಹೊಗೆಯೂ ಕೆಟ್ಟದ್ದು, ಕೋಳಿಯ ಕಾಲಡಿಗೂ ಕೆಟ್ಟದ್ದು. ಅದಕ್ಕೆಂದೇ ಪ್ಲೈವುಡ್ ಕೊಯ್ಯುವ ದಿನ ಬೇರೆ ಬಣ್ಣದ ಚೀಲ ಹಾಕುತ್ತೇವೆ. ನೀಲಿ ಚೀಲ ಎಂದರೆ ಯಾರಿಗೂ ಕೊಡುವಂತಿಲ್ಲ.