ಶೂಬರ್ಟ್‌ನ ಕರಡು ಹೇಳುವ ಕಥೆ

ಸಂಗೀತ ರಚನಕಾರ ಫ್ರಾನ್ಜ್ ಶೂಬರ್ಟ್ ಬದುಕಿದ್ದು 31 ವರ್ಷ. ಸ್ವರ ಕೂಡಿಸಿದ ಹಾಡುಗಳು 600ಕ್ಕೂ ಹೆಚ್ಚು. ಅವನ್ನು ವಿಯೆನ್ನಾದ ಮನೆಮನೆಯಲ್ಲಿ ಹಾಡಿದ ಗಾಯಕ ಯೋಹಾನ್ ಮಿಖಾಯೆಲ್ ಫೋಗ್ಲ್, ಈ ಹಾಡುಗಳು ಒಂದು ಬಗೆಯ ದಿವ್ಯದೃಷ್ಟಿಯಲ್ಲಿ ಹುಟ್ಟುತ್ತವೆಂದು ನಂಬಿದ್ದ. ಕಲಿಯದೆಯೇ ವಿದ್ಯೆ ಒಲಿದವನು ಎಂಬ ಚಿತ್ರ ಹೀಗೆ ಬೇರೂರಿತು. ಹಸ್ತಪ್ರತಿಗಳನ್ನು ಹಾಳೆಹಾಳೆಯಾಗಿ ಓದಿದ ವಿದ್ವಾಂಸರು ತೋರಿಸುವ ಶೂಬರ್ಟ್ ಬೇರೆಯೇ.

ಶಾಲಾ ಮಾಸ್ತರರ ಮಗನಾದ ಅವನಿಗೆ ತಂದೆ ವಯಲಿನ್, ಅಣ್ಣ ಇಗ್ನಾಜ್ ಪಿಯಾನೋ ಹೇಳಿಕೊಟ್ಟರು. 1808ರಲ್ಲಿ ಅರಮನೆಯ ಚರ್ಚ್ ಗಾಯಕವೃಂದಕ್ಕೆ ಆಯ್ಕೆಯಾಗಿ ವಸತಿಶಾಲೆ ಸೇರಿದ. ಅಲ್ಲಿನ ವಿದ್ಯಾರ್ಥಿ ಆರ್ಕೆಸ್ಟ್ರಾದಲ್ಲಿ ವಯಲಿನ್ ನುಡಿಸುತ್ತ ಹೈಡನ್, ಮೊಜಾರ್ಟರ ಸಿಂಫನಿಗಳನ್ನು ಒಳಗಿನಿಂದಲೇ ಅರಿತ. 1812ರಲ್ಲಿ ಆಸ್ಥಾನ ಸಂಗೀತಗಾರ ಸಾಲಿಯೇರಿಯ ಬಳಿ ಕೌಂಟರ್‌ಪಾಯಿಂಟ್, ಅಂದರೆ ಹಲವು ಸ್ವರಸಾಲುಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆಯ ಪಾಠ ಆರಂಭವಾಯಿತು. ಆ ಅಭ್ಯಾಸದ ಹಾಳೆಗಳು ಇಂದಿಗೂ ಇವೆ. ಸಂಗೀತ ವಿದ್ವಾಂಸ ಆಲ್ಫ್ರೆಡ್ ಮಾನ್ ಅವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಶೂಬರ್ಟ್‌ನ ವಿದ್ಯಾರ್ಥಿ ದೆಸೆ ಎಲ್ಲರಿಗೂ ಓದಲು ಸಿಕ್ಕಿತು.

ರಚನೆಯ ಬಗೆಗೂ ಹಾಳೆಗಳೇ ಸಾಕ್ಷಿ. 1815ರಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬರೆದನೆಂದು ಗೆಳೆಯರು ಕೊಂಡಾಡಿದ ‘ಎರ್ಲ್‌ಕೊನಿಗ್’ ಹಾಡಿಗೆ ನಾಲ್ಕು ರೂಪಗಳಿವೆ. ಸಾಯುವ ಎರಡು ತಿಂಗಳ ಮುಂಚೆ, 1828ರ ಸೆಪ್ಟೆಂಬರ್‌ನಲ್ಲಿ ಮುಗಿಸಿದ ಮೂರು ಪಿಯಾನೋ ಸೊನಾಟಾಗಳ ಕರಡುಗಳೂ ಉಳಿದಿವೆ. ಅಂತಿಮ ಪ್ರತಿಯಲ್ಲಿ ಎಷ್ಟೋ ಸಾಲುಗಳು ಹಿಗ್ಗಿವೆ, ನಡುನಡುವೆ ಮೌನಕ್ಕೆ ಹೆಚ್ಚು ಜಾಗ ಸಿಕ್ಕಿದೆ. ಕೇಳುಗರ ಉಸಿರು ಹಿಡಿಸುವ ಆ ನಿಧಾನಗತಿ ತಿದ್ದಿ ತಿದ್ದಿ ದಕ್ಕಿಸಿಕೊಂಡದ್ದು.

ಕಾಗದವೂ ಮಾತಾಡಿತು. ‘ಗ್ರೇಟ್’ ಸಿ ಮೇಜರ್ ಸಿಂಫನಿಯ ಹಸ್ತಪ್ರತಿಯ ಮೇಲೆ 1828 ಎಂದಿದೆ. ರಾಬರ್ಟ್ ವಿಂಟರ್ ಮೊದಲಾದ ವಿದ್ವಾಂಸರು ಕಾಗದದ ವಾಟರ್‌ಮಾರ್ಕ್ (ಬೆಳಕಿಗೆ ಹಿಡಿದರೆ ಕಾಣುವ ತಯಾರಕರ ಗುರುತು) ಪರೀಕ್ಷಿಸಿ, ಅದರ ಬರವಣಿಗೆ 1825ರಷ್ಟು ಹಿಂದೆಯೇ ಆರಂಭವಾಗಿತ್ತೆಂದು ತೋರಿಸಿದರು. ಒಂದೇ ಉಸಿರಿನ ಕೃತಿಯಲ್ಲ, ವರ್ಷಗಳ ದುಡಿಮೆ.

1828ರ ನವೆಂಬರ್ 4ರಂದು ಶೂಬರ್ಟ್ ಕೌಂಟರ್‌ಪಾಯಿಂಟ್ ಕಲಿಯಲು ಸಿಮೋನ್ ಸೆಖ್ಟರ್ ಎಂಬ ಗುರುವಿನ ಬಳಿ ಹೋದ. 19ರಂದು ತೀರಿಕೊಂಡ. ಅಷ್ಟು ಬರೆದವನಿಗೆ ಮತ್ತೆ ಪಾಠವೇಕೆ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ. ಅವನು ಮುಗಿಸದೆ ಬಿಟ್ಟ ಡಿ ಮೇಜರ್ ಸಿಂಫನಿಯ ಕರಡಿನಲ್ಲೇ ಒಂದು ಕೌಂಟರ್‌ಪಾಯಿಂಟ್ ಅಭ್ಯಾಸವಿದೆ. ಹೊಸ ಕೃತಿ ಹೊಸ ಕಸುಬನ್ನು ಬೇಡಿತು, ಅದನ್ನು ಕಲಿಯಲು ಅವನು ಹೊರಟ ಎಂದೇ ನನಗನಿಸುತ್ತದೆ. ಪ್ರತಿಭೆಯಿದ್ದರೆ ಅಭ್ಯಾಸ ಬೇಡವೆಂದು ಮಕ್ಕಳಿಗೆ ಹೇಳುವವರು ಶೂಬರ್ಟ್‌ನನ್ನು ಉದಾಹರಣೆಗೆ ಕರೆಯುವಂತಿಲ್ಲ.